ಗಾಜಿನ ಬುರುಡೆಯಲ್ಲಿ ಉಳಿದ ಮಿಂಚು

1746ರ ಜನವರಿಯಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ಮುಸ್ಸೆನ್‌ಬ್ರುಕ್ ಪ್ಯಾರಿಸ್ಸಿನ ವಿದ್ವಾಂಸ ರೇಮೂರನಿಗೆ ಒಂದು ಕಾಗದ ಬರೆದ. ನೀರು ತುಂಬಿದ ಗಾಜಿನ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು, ಘರ್ಷಣಯಂತ್ರದಿಂದ ಅದಕ್ಕೆ ವಿದ್ಯುತ್ತನ್ನು ಊಡಿ, ಇನ್ನೊಂದು ಕೈಯಿಂದ ತಂತಿಯನ್ನು ಮುಟ್ಟಿದಾಗ ಸಿಡಿಲು ಬಡಿದಂತಾಯಿತೆಂದೂ, ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಆ ಪ್ರಯೋಗವನ್ನು ಮತ್ತೆ ಮಾಡಲೊಲ್ಲೆನೆಂದೂ ಅದರ ಸಾರಾಂಶ. ಹಿಂದಿನ ವರ್ಷವೇ ಪೊಮರೇನಿಯದ ಫಾನ್ ಕ್ಲೈಸ್ಟನೂ ಇದೇ ಪೆಟ್ಟನ್ನು ತಿಂದಿದ್ದ. ಹೆಸರು ಮಾತ್ರ ಲೈಡನ್ನಿಗೆ ದಕ್ಕಿತು. ಕೆಲವೇ ತಿಂಗಳಲ್ಲಿ ಅದು ಆಸ್ಥಾನದ ವಿನೋದವೂ ಆಯಿತು. ಅಬ್ಬೆ ನೊಲೆ ಎಂಬಾತ ಹದಿನೈದನೆಯ ಲೂಯಿ ದೊರೆಯ ಎದುರು 180 ಸೈನಿಕರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಒಂದೇ ಜಾಡಿಯಿಂದ ಅವರೆಲ್ಲರನ್ನೂ ಒಮ್ಮೆಲೇ ನೆಗೆಯುವಂತೆ ಮಾಡಿದ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಜಾಡಿಯ ಗೊಡವೆ ಏಕೆಂದು ನೀವು ಕೇಳಬಹುದು. ಈಚೆಗೆ ಬೆಳಗಾವಿಯ ಹಾಗೂ ಖಾನಾಪುರದ ಕೆಲವು ತರುಣರು, ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರುಗಳನ್ನು ಕೆಳಗಿಳಿಸಿ ಜೀವ ತುಂಬುವ ಹವ್ಯಾಸಕ್ಕೆ ಬಿದ್ದಿದ್ದಾರೆ. ಹವ್ಯಾಸ ಒಳ್ಳೆಯದೇ. ಆದರೆ ಅವುಗಳಲ್ಲಿ ಕೆಲವು, 1984ರ ಮ್ಯಾಕಿಂತೋಷ್ ಯಂತ್ರದಂತೆ, ಚಿತ್ರನಳಿಗೆಯನ್ನು ಒಡಲಲ್ಲೇ ಇಟ್ಟುಕೊಂಡವು. ಮೊಳೆ ತಿರುಗಿಸಿ ಮುಚ್ಚಳ ತೆಗೆದ ಕೂಡಲೇ ಕೈ ಹೋಗುವುದು ಲೈಡನ್ ಜಾಡಿಯ ಬಳಿಗೇ.

ಇದು ಉಪಮೆಯಲ್ಲ, ವಸ್ತುಸ್ಥಿತಿ. 1897ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಫರ್ಡಿನಾಂಡ್ ಬ್ರೌನ್ ರೂಪಿಸಿದ ನಳಿಗೆಯ ವಂಶದ ಈ ಬುರುಡೆಗೆ ಒಳಗೂ ಹೊರಗೂ ಕಪ್ಪು ಗ್ರಾಫೈಟಿನ ಲೇಪನವಿದೆ, ನಡುವೆ ಗಾಜು. ಎರಡು ವಾಹಕಗಳ ನಡುವೆ ಗಾಜು ಎಂದರೆ ಜಾಡಿಯೇ ಆಯಿತಲ್ಲ! ಬುರುಡೆಯ ಮೇಲಿನ ರಬ್ಬರ್ ಟೋಪಿಯ ಕೆಳಗಿರುವ ಗುಂಡಿಯ ಮೂಲಕ ಅದಕ್ಕೆ ವಿದ್ಯುತ್ತು ಏರುತ್ತದೆ. ಚಿಕ್ಕ ಕಪ್ಪು-ಬಿಳುಪು ಪರದೆಗೆ ಹತ್ತು ಹನ್ನೆರಡು ಸಾವಿರ ವೋಲ್ಟ್, ಬಣ್ಣದ ಪರದೆಗೆ 25,000ದ ಆಸುಪಾಸು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ತನ್ನು ಒಯ್ದ ತಂತಿಯ ಒತ್ತಡ ಸುಮಾರು 35,000 ವೋಲ್ಟ್ ಎಂಬುದನ್ನು ನೆನೆದರೆ, ನಡುಮನೆಯ ಪೆಟ್ಟಿಗೆಯಲ್ಲಿ ನಾವು ಏನನ್ನು ಸಾಕಿಕೊಂಡಿದ್ದೆವೆಂಬುದು ತಿಳಿದೀತು.

ಅಂಥ ಪೆಟ್ಟಿಗೆ ನಮ್ಮ ಕಡೆಗೆ ತಡವಾಗಿ ಬಂತು. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಕಾಣಿಸಿದ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿದ್ದವು, ಬೆಳಗಾವಿ ಇರಲಿಲ್ಲ. ಎಂಬತ್ತರ ದಶಕದಲ್ಲಿ ಮನೆಮನೆಗೆ ಟಿ.ವಿ. ಬಂದ ಮೇಲೆ ರೇಡಿಯೋ ರಿಪೇರಿಯವರೇ ಟಿ.ವಿ. ರಿಪೇರಿಯವರಾದರು. ಅವರ ವಿದ್ಯೆಯ ಭಾಷೆ ವಿಚಿತ್ರ: ಅರ್ಧ ಕನ್ನಡ, ಅರ್ಧ ಮರಾಠಿ, ಉಳಿದದ್ದು ‘ಎಲ್.ಓ.ಟಿ.’, ‘ಇ.ಎಚ್.ಟಿ.’ ಎಂಬ ಅಕ್ಷರಮಂತ್ರಗಳು. ಕಿರಣವು ಪರದೆಯ ಒಂದು ಗೆರೆಯನ್ನು ಮುಗಿಸಿ ಹಿಂದಕ್ಕೆ ಜಿಗಿಯುವ ಕ್ಷಣದಲ್ಲೇ ಆ ಎಲ್.ಓ.ಟಿ. ಎಂಬ ಸುರುಳಿ ಉಚ್ಚ ಒತ್ತಡವನ್ನು ಹುಟ್ಟಿಸುತ್ತದೆ, ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 15,625 ಸಲ.

ಆ ಹಿರಿಯ ಕುಶಲಿಗಳಿಂದ ಕೇಳಿ ತಿಳಿದ ಶಿಸ್ತು ಎಲ್ಲಿಯೂ ಪಠ್ಯವಾಗಲಿಲ್ಲ, ಅವರೊಂದಿಗೇ ಮರೆಯಾಗುತ್ತಿದೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತೇ ತೀರಬೇಕು. ಗುಂಡಿ ಒತ್ತಿ ಆರಿಸಿದರೆ ಸಾಲದು. ಉಂಗುರ, ಗಡಿಯಾರ ತೆಗೆದಿಡಬೇಕು. ಒಂದು ಕೈ ಬೆನ್ನ ಹಿಂದೆ: ಎರಡು ಕೈಗಳ ನಡುವೆ ಹರಿಯುವ ವಿದ್ಯುತ್ತಿಗೆ ದಾರಿಯಲ್ಲಿ ಸಿಕ್ಕುವುದು ಹೃದಯ. ಹಿಡಿಗೆ ಒಳ್ಳೆಯ ಕವಚವಿರುವ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಬುರುಡೆಯ ಹೊರಮೈಯನ್ನು ತಬ್ಬಿರುವ ಹೆಣೆದ ತಂತಿಗೆ ಮೊದಲು ಸಿಕ್ಕಿಸಿ, ಆಮೇಲೆ ರಬ್ಬರ್ ಟೋಪಿಯ ಅಡಿಗೆ ಮೊನೆಯನ್ನು ಜಾರಿಸಬೇಕು. ಈ ಕ್ರಮ ತಲೆಕೆಳಗಾಗಬಾರದು. ನಡುವೆ ದೊಡ್ಡ ರೆಸಿಸ್ಟರು ಇದ್ದರೆ ಸೂಕ್ಷ್ಮ ಚಿಪ್ಪುಗಳಿಗೂ ಕ್ಷೇಮ. ಚಟ್ ಎಂದು ಸದ್ದಾಯಿತೆಂದು ಅಲ್ಲಿಗೇ ನಿಲ್ಲುವಂತಿಲ್ಲ. ಖಾಲಿ ಮಾಡಿದ ಲೈಡನ್ ಜಾಡಿ ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಕಿಡಿ ಕೊಡುತ್ತದೆಂದು ಹಳಬರು ಕಂಡಿದ್ದರು, ಗಾಜು ತನ್ನೊಳಗೆ ಹೀರಿದ್ದನ್ನು ನಿಧಾನವಾಗಿ ಮರಳಿಸುತ್ತದೆ. ಆದ್ದರಿಂದ ಕೆಲವು ನಿಮಿಷ ಕಾದು ಮತ್ತೊಮ್ಮೆ ಮುಟ್ಟಿಸಬೇಕು.

ಜನ ಹೆದರುವುದು ಬುರುಡೆಗೆ. ನನಗೆ ತೋರುವಂತೆ ಹೆಚ್ಚು ಹೆದರಬೇಕಾದದ್ದು ಮೂಲೆಯ ಪವರ್ ಸಪ್ಲೈಗೆ. ಬುರುಡೆಯ ಸಂಚಯ ಚಿಕ್ಕದು. ಪೆಟ್ಟಿಗಿಂತಲೂ ಬೆಚ್ಚಿ ಕೈ ಎಳೆದುಕೊಳ್ಳುವಾಗ ಆಗುವ ಗಾಯ, ಕೊರಳು ಮುರಿದು ನಿರ್ವಾತದ ಗಾಜು ಒಳಕ್ಕೆ ಕುಸಿದು ಚೂರು ಸಿಡಿಯುವುದು, ಇವೇ ಅದರ ಅಪಾಯಗಳು. ಅದಕ್ಕೇ ಕಣ್ಣಿಗೆ ಕನ್ನಡಕ ಬೇಕು. ಸಪ್ಲೈಯ ದಪ್ಪ ಕೆಪ್ಯಾಸಿಟರಿನಲ್ಲಾದರೋ 230 ವೋಲ್ಟಿನ ಮನೆವಿದ್ಯುತ್ತು 325ರ ಸಮೀಪದ ಏಕಮುಖ ಒತ್ತಡವಾಗಿ ಕುಳಿತಿರುತ್ತದೆ. ಜೀವ ತೆಗೆಯುವಷ್ಟು ಬಲ ಅದಕ್ಕಿದೆ. ಅದನ್ನೂ ರೆಸಿಸ್ಟರಿನಿಂದ ಬರಿದು ಮಾಡಿ, ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಖಾನಾಪುರದ ಮಾತೇ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆ ಹಿಡಿದರೆ ಗೋಡೆಯೂ ಬೆವರುತ್ತದೆ. ಅಂಥ ತೇವದಲ್ಲಿ, ಧೂಳು ಕುಳಿತ ರಬ್ಬರ್ ಟೋಪಿಯ ಸುತ್ತ ಸುಯ್ ಎಂಬ ಸದ್ದು, ಕತ್ತಲಲ್ಲಿ ನೀಲಿ ಮಿಣುಕು ಕಾಣಿಸಿಕೊಂಡರೆ ಯಂತ್ರವನ್ನು ಆರಿಸಿ ಪ್ಲಗ್ ಕಿತ್ತಿಡುವುದು ಲೇಸು. ವರುಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರವನ್ನು ಆಷಾಢದಲ್ಲಿ ತೆರೆಯುವ ಅವಸರವೇನಿದೆ? ದೀಪಾವಳಿ ಕಳೆದು ಹವೆ ಒಣಗಿದ ಮೇಲೆ, ಪಕ್ಕದಲ್ಲಿ ಮೇನ್ ಸ್ವಿಚ್ಚು ಎಲ್ಲಿದೆಯೆಂದು ಬಲ್ಲ ಒಬ್ಬರನ್ನು ಕೂರಿಸಿಕೊಂಡು ಮುಚ್ಚಳ ತೆಗೆಯಬಹುದು.