ತುಪ್ಪವಿಲ್ಲದ ತಟ್ಟೆ

ನಮ್ಮ ಮೊಮ್ಮಗನ ಅನ್ನಪ್ರಾಶನ ನಡೆದದ್ದು ಪೆರುಂಗುಡಿಯ ಇದೇ ಫ್ಲ್ಯಾಟಿನಲ್ಲಿ. ಹಾಲುಪಾಯಸಕ್ಕೆ ಬೆಳ್ಳಿ ಮಿಳ್ಳೆಯಿಂದ ತುಪ್ಪ ಬಿಟ್ಟು ಅವನ ತುಟಿಗೆ ಮುಟ್ಟಿಸಿದವಳು ನಾನೇ. ಅರ್ಧ ಗಂಟೆಯೊಳಗೆ ಮುಖದ ತುಂಬಾ ದದ್ದು, ಮೇಲೆ ವಾಂತಿ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ಹಸುವಿನ ಹಾಲೂ ಬೇಡ, ಕಡಲೆಕಾಯಿಯೂ ಬೇಡ ಎಂದರು. "ತುಪ್ಪದಲ್ಲಿ ಹಾಲೆಲ್ಲಿದೆ ಡಾಕ್ಟ್ರೇ, ಕಾಯಿಸಿ ಸೋಸಿದ್ದಲ್ವಾ?" ಎಂದೆ. "ಚೂರು ಪ್ರೋಟೀನ್ ಉಳಿದಿರುತ್ತಮ್ಮಾ. ಇವನಿಗೆ ಅಷ್ಟೇ ಸಾಕು."

ವರ್ಷ ತುಂಬುವ ಹೊತ್ತಿಗೆ ತೂಕದ ಕಾರ್ಡಿನ ಗೆರೆ ಮೇಲೇರುವುದನ್ನೇ ನಿಲ್ಲಿಸಿತು. ತಾಯಿಹಾಲು ಕೊಡುವ ಶಕ್ತಿಯಲ್ಲಿ ಸುಮಾರು ಅರ್ಧ ಕೊಬ್ಬಿನಿಂದಲೇ ಬರುತ್ತದಂತೆ. ಆ ಹಾಲು ಕಡಿಮೆಯಾಗಿ ಬರೀ ಬೇಳೆಕಟ್ಟು, ಗಂಜಿ ಕೊಟ್ಟರೆ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಅಕ್ಕಿ ಬೇಳೆಯ ಪಿಷ್ಟಕ್ಕೆ ನಾಲ್ಕೇ. ದೊಡ್ಡವರ ಡಯಟ್ ಎರಡು ವರ್ಷದೊಳಗಿನ ಮಗುವಿಗೆ ಸಲ್ಲದು, ಪ್ರತಿ ಊಟಕ್ಕೂ ಒಂದು ಚಮಚ ಒಳ್ಳೆ ಎಣ್ಣೆ ಹಾಕಿ ಎಂದರು ಡಾಕ್ಟರು. ಮಗಳು ಮನೆಗೆ ಬಂದು ಅತ್ತಳು. ನನಗೂ ದಿಕ್ಕು ತೋಚಲಿಲ್ಲ. ತುಪ್ಪವಿಲ್ಲದೆ ಮಗು ಬೆಳೆಸುವುದುಂಟೇ?

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಆ ಪ್ರಶ್ನೆಯಲ್ಲೇ ತಪ್ಪಿದೆ ಎಂದು ತಿಳಿಯಲು ಒಂದು ವಾರ ಬೇಕಾಯಿತು. ತುಪ್ಪ ಯಾರ ಮನೆಯಲ್ಲಿತ್ತು? 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದ. ಆದರೆ ಅವು ಉಳ್ಳವರ ಅಡುಗೆಮನೆಗಳು. ಉಳಿದವರ ಸಂಗತಿ ಬೇಕಾದರೆ ಗಾಣದ ಕಲ್ಲಿನ ಹತ್ತಿರ ಹೋಗಬೇಕು. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ತೆಲ್ಲಿಗರು, ಅಂದರೆ ಎಣ್ಣೆ ತೆಗೆಯುವವರು, ದೇವರ ನಂದಾದೀಪಕ್ಕೆ ಸೊಲ್ಲಗೆ ಲೆಕ್ಕದಲ್ಲಿ ಎಣ್ಣೆ ಬಿಟ್ಟುಕೊಟ್ಟದ್ದು ಮತ್ತೆ ಮತ್ತೆ ಬರುತ್ತದೆ. ದೀಪಕ್ಕೆ ಎಣ್ಣೆ ಕೊಟ್ಟ ಊರು ಅಡುಗೆಗೂ ಅದನ್ನೇ ನಂಬಿತ್ತು.

1800ರ ಏಪ್ರಿಲಿನಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ನೋಡಲು ಹೊರಟದ್ದು ನಮ್ಮ ಈ ಮದ್ರಾಸಿನಿಂದಲೇ. ಅವನ ದಿನಚರಿಯಲ್ಲಿ ಹುಚ್ಚೆಳ್ಳು, ಒಳ್ಳೆಳ್ಳು, ಹರಳು ಎಲ್ಲ ಬರುತ್ತವೆ. ಒಂದೇ ನಾಡಿನಲ್ಲಿ ಎಷ್ಟು ಎಣ್ಣೆಗಳು ನೋಡಿ! ಕರಾವಳಿಗೆ ಕೊಬ್ಬರಿ ಎಣ್ಣೆ, ಬಯಲುಸೀಮೆಗೆ ಹುಚ್ಚೆಳ್ಳು, ಬಡಗಣಕ್ಕೆ ಕುಸುಬಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಇಂದು ಆಹಾರತಜ್ಞರು ಒಮೇಗಾ-3 ಎಂದು ಹೇಳುವುದು ಆ ಅಗಸಿಯಲ್ಲಿ ಧಾರಾಳವಾಗಿದೆ.

ಇನ್ನು ನಮ್ಮ ಸಾಗರದ ಕಡೆ? ನನ್ನ ಅಜ್ಜಿ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ, ಬೀಜವನ್ನು ಬೇರೆ ಎತ್ತಿಡುತ್ತಿದ್ದಳು. ಒಣಗಿದ ಬೀಜ ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದಿಟ್ಟರೆ ಆರಿ ಗಟ್ಟಿಯಾಗುತ್ತದೆ. ಹೆಸರು ಉಪ್ಪಾಗೆ ತುಪ್ಪ. ಸಿರಸಿ, ಸಿದ್ದಾಪುರದವರಿಗೂ ಗೊತ್ತು. ಕರೆಯುವ ಎಮ್ಮೆ ಬತ್ತಿದ ತಿಂಗಳುಗಳಲ್ಲಿ ದೋಸೆಗೆ ಅದೇ. ಹಾಲಿನ ಹನಿಯೂ ಇಲ್ಲದ ಅದನ್ನು 'ತುಪ್ಪ' ಎಂದೇ ಕರೆದರಲ್ಲ, ನಾನು ಅದನ್ನು ಮರೆತೇಬಿಟ್ಟಿದ್ದೆ.

ಕಡಲೆಕಾಯಿಯ ಕಥೆ ಬೇರೆ. ಬಸವನಗುಡಿ ಪರಿಷೆಯಿಂದಾಗಿ ನಮಗದು ಅನಾದಿಯದು ಅನ್ನಿಸುತ್ತದೆ. ನಿಜದಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲೇ ಪಕ್ಕದ ಪುದುಚೇರಿ ಬಂದರಿನಿಂದ ಫ್ರಾನ್ಸಿನ ಮಾರ್ಸೇಲಿಗೆ ಹಡಗು ಹಡಗೇ ಹೋಗುತ್ತಿತ್ತು. 1950ರಲ್ಲಿ ಮೈಸೂರಿನಲ್ಲಿ ಸಿ.ಎಫ್.ಟಿ.ಆರ್.ಐ. ಆರಂಭವಾದಾಗ ಅಪೌಷ್ಟಿಕ ಮಕ್ಕಳಿಗೆಂದು ಅಲ್ಲಿನ ವಿಜ್ಞಾನಿಗಳು ಮಾಡಿದ ಮಿಶ್ರಣದಲ್ಲಿ ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಎಮ್ಮೆ ಹಾಲಿನ ಶಿಶು ಆಹಾರವೂ ಅಲ್ಲಿಯದೇ ಸಂಶೋಧನೆ. ಸಾವಿರಾರು ಮಕ್ಕಳ ಹೊಟ್ಟೆಗೆ ಆದ ಆ ಎರಡೂ ನಮ್ಮ ಹುಡುಗನಿಗೆ ವಿಷ. 'ಅಲರ್ಜಿ' ಎಂಬ ಮಾತನ್ನೇ ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ 1906ರಲ್ಲಿ ಕಟ್ಟಿದ. ಅದಕ್ಕೆ ಮೊದಲು ಇಂಥ ಮಕ್ಕಳನ್ನು ನಮ್ಮಲ್ಲಿ "ದೃಷ್ಟಿ ತಾಗಿದೆ" ಎಂದು ನಿವಾಳಿಸಿ ಬಿಡುತ್ತಿದ್ದರೇನೋ.

ಈಗ ನನ್ನ ತಪ್ಪನ್ನು ಹೇಳಬೇಕು. ಗಾಣದ ಎಣ್ಣೆಯೇ ಶ್ರೇಷ್ಠ ಎಂದು ನಂಬಿದವಳು ನಾನು. ನಮ್ಮ ವೇದಿಕೆಯಲ್ಲೂ ಎಷ್ಟು ಸಲ ಹೇಳಿದ್ದೇನೆ. ಹಾಗೆಂದೇ ಹತ್ತಿರದ ಒಂದು ಚೆಕ್ಕಿನಿಂದ ಕೊಬ್ಬರಿ ಎಣ್ಣೆ ತಂದು ರಾಗಿ ಮಣ್ಣಿಗೆ ಬೆರೆಸಿದೆ. ಹತ್ತು ನಿಮಿಷಕ್ಕೆ ಬಾಯಿಯ ಸುತ್ತ ದದ್ದು! ಡಾಕ್ಟರು ಕೊಟ್ಟಿದ್ದ ಔಷಧ ಹಾಕಿ, ಆಟೋ ಹತ್ತಿ ಆಸ್ಪತ್ರೆಗೆ ಓಡಿದೆವು. ಮರುದಿನ ಅಂಗಡಿಯ ಹುಡುಗನನ್ನು ಕೇಳಿದರೆ ಹೆಮ್ಮೆಯಿಂದ, "ಬೆಳಗ್ಗೆ ವೇರ್ಕಡಲೆ, ಮಧ್ಯಾಹ್ನ ತೇಂಗಾಯಿ, ಎಲ್ಲಾ ಒಂದೇ ಚೆಕ್ಕು ಪಾಟಿ" ಎಂದ. ಅವನದೇನೂ ತಪ್ಪಿಲ್ಲ. ಊರಿಗೊಂದು ಗಾಣ, ಬಂದ ಕಾಳೆಲ್ಲ ಅದರಲ್ಲೇ ಎಂಬುದು ಹಳೆಯ ಪದ್ಧತಿ. ಗಾಣದೆಣ್ಣೆಯಲ್ಲಿ ಕಾಳಿನ ಪ್ರೋಟೀನ್ ಉಳಿಯುತ್ತದೆ. ನಾವು ಹಳಿಯುವ ರಿಫೈನ್ಡ್ ಎಣ್ಣೆಯಲ್ಲಿ ಅದು ಬಹುಪಾಲು ಹೋಗಿರುತ್ತದೆ. ಇಂಥ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ನೆನಪಿಡಿ.

ಬರೀ ಕೊಬ್ಬರಿಯಿಂದಲೂ ಆಗದು. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬು ತೆಗೆದ ಆಹಾರ ಕೊಟ್ಟ ಇಲಿಗಳ ಚರ್ಮ ಹೊಪ್ಪಳಿಕೆ ಏಳುವುದನ್ನು ಕಂಡು, ದೇಹ ತಾನೇ ಮಾಡಿಕೊಳ್ಳಲಾಗದ ಕೊಬ್ಬಿನ ಅಂಶಗಳಿವೆ ಎಂದು ತೋರಿಸಿದರು. ಲಿನೋಲಿಕ್ ಆಮ್ಲ ಅಂಥದ್ದು. ಕೊಬ್ಬರಿ ಎಣ್ಣೆಯಲ್ಲಿ ಅದು ತೀರಾ ಕಡಿಮೆ. ಹುಚ್ಚೆಳ್ಳು, ಕುಸುಬೆ, ಸೂರ್ಯಕಾಂತಿಯಲ್ಲಿ ಹೇರಳ. ಹುಚ್ಚೆಳ್ಳೆಣ್ಣೆ ಪೆರುಂಗುಡಿಯಲ್ಲಿ ನನಗೆ ಸಿಗಲಿಲ್ಲ. ಎಳ್ಳಿನದೇ ಅಲರ್ಜಿ ಬಹಳ ಮಕ್ಕಳಿಗೆ ಇರುವುದರಿಂದ ಅದನ್ನು ಡಾಕ್ಟರು ಮುಂದಕ್ಕೆ ಹಾಕಿದ್ದಾರೆ. ಉಳಿದದ್ದು ಸೂರ್ಯಕಾಂತಿ. ಎಣ್ಣೆಬೆಳೆಯಾಗಿ ಅದು ನಮ್ಮ ದೇಶಕ್ಕೆ ರಷ್ಯಾದಿಂದ ಬಂದದ್ದು 1969ರಲ್ಲಿ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಅನ್ನು 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದಿತು. ನನ್ನ ಮಗಳಿಗಿಂತ ನಾಲ್ಕೇ ವರ್ಷ ಹಿರಿಯದು!

ಈಗ ಅವನ ತಟ್ಟೆಯಲ್ಲಿ ಬೆಳಗ್ಗೆ ಮನೆಯಲ್ಲೇ ಹಿಂಡಿದ ಕಾಯಿಹಾಲಿನ ರಾಗಿ ಮಣ್ಣಿ, ಮಧ್ಯಾಹ್ನ ಬೇಳೆ ಅನ್ನಕ್ಕೆ ಒಂದು ಚಮಚ ಸೂರ್ಯಕಾಂತಿ ಎಣ್ಣೆ, ಸಂಜೆ ಕಿವುಚಿದ ಬಟರ್ ಫ್ರೂಟ್. ಹದಿನಾರನೆಯ ತಿಂಗಳಿಗೆ ಕಾರ್ಡಿನ ಗೆರೆ ಮತ್ತೆ ಮೇಲೆದ್ದಿದೆ. ಊರಿನಿಂದ ತಂಗಿ ಒಂದು ಕರಡಿಗೆ ಉಪ್ಪಾಗೆ ತುಪ್ಪ ಕಳಿಸಿದ್ದಾಳೆ. "ಅಮ್ಮಾ, ಡಾಕ್ಟ್ರನ್ನ ಕೇಳದೆ ಮುಟ್ಟಿಸಬೇಡ" ಎಂದು ಮಗಳ ಅಪ್ಪಣೆಯಾಗಿದೆ. ಅಲ್ಲಿಯವರೆಗೆ ಅದನ್ನು ನನ್ನ ದೋಸೆಗೆ ಹಾಕಿಕೊಳ್ಳುತ್ತಿದ್ದೇನೆ.