ಹಳೇ ಕಂಪ್ಯೂಟರ್ ಮಾರುವ ಮುನ್ನ ಓದಿ: ಡಿಲೀಟ್ ಮಾಡಿದ ಫೈಲ್ ನಿಜವಾಗಿ ಅಳಿಸಿಹೋಗುವುದು ಯಾವಾಗ?

ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಫೋಟೋ ಸ್ಟುಡಿಯೋ, ಗೊಬ್ಬರದ ಅಂಗಡಿ, ಮೆಡಿಕಲ್ ಸ್ಟೋರ್. ತಾಲ್ಲೂಕು ಕೇಂದ್ರದ ಯಾವ ಬೀದಿಗೆ ಹೋದರೂ ಅಂಗಡಿಗೊಂದು ಕಂಪ್ಯೂಟರ್ ಇದ್ದೇ ಇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೇ ಮಷಿನ್ ಕೊಟ್ಟು ಹೊಸದು ತರುವ ಯೋಚನೆ ಹಲವರಿಗಿದೆ. ಹಳೇದು ಎಕ್ಸ್‌ಚೇಂಜ್‌ಗೆ ಹೋಗುತ್ತೆ, ಇಲ್ಲಾಂದ್ರೆ ಗುಜರಿಗೆ, ಅದೂ ಇಲ್ಲಾಂದ್ರೆ ನೆಂಟರ ಮಕ್ಕಳ ಓದಿಗೆ.

ಕೊಡುವಾಗ ಎಲ್ಲರೂ ಹೇಳುವ ಮಾತು ಒಂದೇ: "ಎಲ್ಲಾ ಡಿಲೀಟ್ ಮಾಡಿದೀನಿ, ಅದ್ರಲ್ಲಿ ಇನ್ನೇನಿದೆ?" ಇರುವುದು ಬಹಳ. "ಅಣ್ಣಾ, ವಾಟ್ಸಾಪ್‌ಗೆ ಕಳ್ಸಿದೀನಿ, ಎರಡು ಪ್ರಿಂಟ್ ಕೊಡಿ" ಎಂದು ಗಿರಾಕಿಗಳು ವರ್ಷಗಟ್ಟಲೆ ಕಳಿಸಿದ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಜಾತಿ-ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಅವುಗಳನ್ನು ಬರೀ ಡಿಲೀಟ್ ಮಾಡಿ ಕಂಪ್ಯೂಟರ್ ಕೊಟ್ಟರೆ, ಕೊಂಡವರು ಅವನ್ನು ಮತ್ತೆ ತೆಗೆಯಲು ಸಾಧ್ಯವಿದೆ.

ಡಿಲೀಟ್ ಮಾಡಿದಾಗ ಒಳಗೆ ಆಗುವುದೇನು?

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾವ ಕಡತ ಯಾವ ರ‍್ಯಾಕ್‌ನಲ್ಲಿದೆ ಎಂದು ಒಂದು ರಿಜಿಸ್ಟರ್‌ನಲ್ಲಿ ಬರೆದಿರುತ್ತಾರೆ. ರಿಜಿಸ್ಟರ್‌ನ ಆ ಸಾಲನ್ನು ಹೊಡೆದುಹಾಕಿದರೆ ಕಡತದ ಕಟ್ಟು ಮಾಯವಾಗುವುದಿಲ್ಲ. ಅದೇ ರ‍್ಯಾಕ್‌ನಲ್ಲಿ ಬೇರೆ ಕಟ್ಟು ತಂದಿಡುವ ತನಕ ಹಳೇದು ಅಲ್ಲೇ ಇರುತ್ತದೆ.

ಹಾರ್ಡ್ ಡಿಸ್ಕ್‌ನಲ್ಲೂ ಹೀಗೇ. ಡಿಲೀಟ್ ಒತ್ತಿದರೆ ಫೈಲ್ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಬಿನ್ ಖಾಲಿ ಮಾಡಿದರೆ, ಅಥವಾ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ, ಫೈಲ್‌ನ ವಿಳಾಸವಿದ್ದ ಸಾಲು ಮಾತ್ರ ರದ್ದಾಗುತ್ತದೆ. ಆ ಜಾಗ ಖಾಲಿ ಎಂದು ವಿಂಡೋಸ್ ಗುರುತು ಹಾಕಿಕೊಳ್ಳುತ್ತದೆ. ಒಳಗಿನ ಮಾಹಿತಿ ಮೇಲೆ ಬೇರೆ ಮಾಹಿತಿ ಬರೆಯುವವರೆಗೂ ಅದು ಹಾಗೇ ಉಳಿಯುತ್ತದೆ. ರೆಕುವಾ, ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ಇಂಥ ಜಾಗಗಳನ್ನು ಹುಡುಕಿ ಫೈಲ್ ವಾಪಸ್ ತರುತ್ತವೆ. ಅದಕ್ಕೆ ದೊಡ್ಡ ಪರಿಣತಿಯೇನೂ ಬೇಕಿಲ್ಲ.

ಕ್ವಿಕ್ ಫಾರ್ಮ್ಯಾಟ್‌ನದ್ದೂ ಇದೇ ಕಥೆ. ಅದು ಹೊಸ ರಿಜಿಸ್ಟರ್ ಇಡುತ್ತದೆ, ರ‍್ಯಾಕ್ ಖಾಲಿ ಮಾಡುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಫಾರ್ಮ್ಯಾಟ್ ಮುಗಿಯಿತು ಎಂದರೆ ಮಾಹಿತಿ ಅಳಿಸಿಲ್ಲ ಎಂದೇ ತಿಳಿಯಬೇಕು.

ಇದು ಬರೀ ಭಯ ಹುಟ್ಟಿಸುವ ಮಾತಾ?

ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷಿಸಿದ್ದರು. ಅದರ ವರದಿ 2003ರಲ್ಲಿ ಪ್ರಕಟವಾಯಿತು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆ ಸಿಕ್ಕವು.

ನಮ್ಮಲ್ಲೂ ಈ ವಿಷಯ ಬಂದಿತ್ತು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಒಂದು ಪ್ರಕಟಣೆ ಹೊರಡಿಸಿತು. ಸೈಬರ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರ್‌ನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂಬ ಸಲಹೆ ಅದರಲ್ಲಿತ್ತು. ಜನ ತಪ್ಪು ತಿಳಿಯಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಪ್ರಕಟಣೆ ವಾಪಸ್ ಪಡೆದು, ಆಧಾರ್ ಬಳಸುವಾಗ ಎಂದಿನ ಎಚ್ಚರ ವಹಿಸಿದರೆ ಸಾಕು ಎಂದಿತು. ಪ್ರಕಟಣೆ ಹೋಯಿತು, ಆದರೆ ಶಾಶ್ವತವಾಗಿ ಅಳಿಸೋದು ಅಂದ್ರೆ ಹೇಗೆ ಅನ್ನೋ ಪ್ರಶ್ನೆ ಉಳಿಯಿತು.

ಮೊದಲು ಇದನ್ನು ನೋಡಿಕೊಳ್ಳಬೇಕು: ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ?

ಅಳಿಸುವ ವಿಧಾನ ಒಳಗಿರುವ ಡಿಸ್ಕ್ ಮೇಲೆ ನಿಂತಿದೆ. ವಿಂಡೋಸ್ 10 ಮತ್ತು 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದು ತೋರಿಸುತ್ತದೆ.

ಎಚ್‌ಡಿಡಿ ಅಂದರೆ ತಿರುಗುವ ತಟ್ಟೆ ಇರುವ ಹಳೇ ಮಾದರಿಯ ಹಾರ್ಡ್ ಡಿಸ್ಕ್. ಇದರ ಮೇಲೆ ಪೂರ್ತಿ ಒಂದು ಸಲ ಸೊನ್ನೆ ಬರೆದರೆ ಹಳೇ ಮಾಹಿತಿ ಹೋಗುತ್ತದೆ.

ಎಸ್‌ಎಸ್‌ಡಿ ಚಿಪ್ ಮೇಲೆ ಕೆಲಸ ಮಾಡುತ್ತದೆ. ಚಿಪ್ ಬೇಗ ಸವೆಯಬಾರದು ಎಂದು ಅದು ಒಂದೇ ಜಾಗದಲ್ಲಿ ಪದೇ ಪದೇ ಬರೆಯದೆ ಜಾಗ ಬದಲಿಸುತ್ತಿರುತ್ತದೆ. ಹಾಗಾಗಿ ಒಂದು ಫೈಲ್ ಮೇಲೆ ಬೇರೆ ಮಾಹಿತಿ ಬರೆದೆವು ಎಂದುಕೊಂಡರೂ ಹಳೇ ಪ್ರತಿ ಬೇರೆ ಮೂಲೆಯಲ್ಲಿ ಉಳಿದಿರಬಹುದು. ಟ್ರಿಮ್ ಎಂಬ ವ್ಯವಸ್ಥೆ ಇರುವುದರಿಂದ ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದ ಫೈಲ್ ವಾಪಸ್ ತರುವುದು ಸಾಮಾನ್ಯವಾಗಿ ಕಷ್ಟ. ಆದರೆ ಅದನ್ನೇ ನಂಬಿ ಮಷಿನ್ ಮಾರುವಂತಿಲ್ಲ.

ಮಾರುವ ಕಂಪ್ಯೂಟರ್ ಅಳಿಸುವ ಕ್ರಮ

1. ಬೇಕಾದ್ದನ್ನು ಮೊದಲು ಬೇರೆ ಕಡೆ ಉಳಿಸಿಕೊಳ್ಳಬೇಕು. ಟ್ಯಾಲಿ ಡೇಟಾ, ಜಿಎಸ್‌ಟಿ ಫೈಲ್, ಮನೆಯ ಫೋಟೋ ಎಲ್ಲವನ್ನೂ ಹೊಸ ಕಂಪ್ಯೂಟರ್‌ಗೆ ಹಾಕಿ, ಅಲ್ಲಿ ತೆರೆದು ನೋಡಿ ಖಚಿತ ಮಾಡಿಕೊಳ್ಳಬೇಕು. ಪೂರ್ತಿ ಅಳಿಸಿದ ಮೇಲೆ ಯಾವ ಅಂಗಡಿಯವರೂ ವಾಪಸ್ ತಂದುಕೊಡಲಾರರು.

2. ಜಿಮೇಲ್, ವಾಟ್ಸಾಪ್ ವೆಬ್, ಒನ್‌ಡ್ರೈವ್, ಬ್ಯಾಂಕ್ ಸೈಟ್‌ಗಳಿಂದ ಲಾಗ್ ಔಟ್ ಆಗಬೇಕು. ವಾಟ್ಸಾಪ್ ವೆಬ್‌ಗೆ ಫೋನ್‌ನಲ್ಲೇ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಆ ಕಂಪ್ಯೂಟರ್ ತೆಗೆಯಬಹುದು.

3. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಕ್ರಮದಲ್ಲಿ ಹೋಗಬೇಕು. ವಿಂಡೋಸ್ 10ರಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ ಒಳಗೆ ರಿಕವರಿ ಇರುತ್ತದೆ. ಅಲ್ಲಿ 'ರೀಸೆಟ್ ದಿಸ್ ಪಿಸಿ', ನಂತರ 'ರಿಮೂವ್ ಎವೆರಿಥಿಂಗ್' ಆಯ್ಕೆ ಮಾಡಬೇಕು.

4. ಬಹಳ ಜನ ತಪ್ಪುವುದು ಇಲ್ಲೇ. ಮುಂದೆ ಹೋಗುವ ಮೊದಲು 'ಚೇಂಜ್ ಸೆಟ್ಟಿಂಗ್ಸ್' ಒತ್ತಿ 'ಕ್ಲೀನ್ ಡೇಟಾ' ಎಂಬುದನ್ನು ಆನ್ ಮಾಡಬೇಕು. ತಾನಾಗಿ ಅದು ಆಫ್ ಇರುತ್ತದೆ. ಡಿ, ಇ ಡ್ರೈವ್‌ಗಳಿದ್ದರೆ ಎಲ್ಲ ಡ್ರೈವ್‌ಗಳಿಂದಲೂ ಅಳಿಸುವ ಆಯ್ಕೆಯನ್ನೂ ಆನ್ ಮಾಡಬೇಕು. ಇಲ್ಲದಿದ್ದರೆ ಸಿ ಡ್ರೈವ್ ಮಾತ್ರ ಸ್ವಚ್ಛವಾಗಿ, ಗಿರಾಕಿಗಳ ಕಾಗದಪತ್ರ ಡಿ ಡ್ರೈವ್‌ನಲ್ಲಿ ಹಾಗೇ ಉಳಿಯುತ್ತದೆ.

5. ಇದಕ್ಕೆ ಹಲವು ಗಂಟೆ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಲೋಡ್ ಶೆಡ್ಡಿಂಗ್ ಸಮಯ ನೋಡಿಕೊಂಡು, ಯುಪಿಎಸ್ ಅಥವಾ ಇನ್ವರ್ಟರ್ ಇರುವ ಕಡೆ ರಾತ್ರಿ ಹಚ್ಚಿಡುವುದು ವಾಸಿ.

ಎಸ್‌ಎಸ್‌ಡಿ ಇದ್ದರೆ ಇನ್ನೂ ಭದ್ರವಾದ ದಾರಿ ಇದೆ. ಎಸ್‌ಎಸ್‌ಡಿ ತಯಾರಿಸುವ ಹಲವು ಕಂಪನಿಗಳು ಕೊಡುವ ಉಚಿತ ತಂತ್ರಾಂಶದಲ್ಲಿ, ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ 'ಸೆಕ್ಯೂರ್ ಇರೇಸ್' ಎಂಬ ಆಯ್ಕೆ ಇರುತ್ತದೆ. ಅದು ಇಡೀ ಡ್ರೈವ್ ಅಳಿಸುವಂತೆ ಡ್ರೈವ್‌ಗೇ ಆದೇಶ ಕೊಡುತ್ತದೆ. ಬಯಾಸ್ ಗೊತ್ತಿಲ್ಲದವರು ನಂಬಿಕಸ್ತ ಸರ್ವೀಸ್ ಅಂಗಡಿಯಲ್ಲಿ ತಾವು ಎದುರಿಗಿದ್ದೇ ಮಾಡಿಸಬೇಕು.

ವಿಂಡೋಸ್ 7ರ ಹಳೇ ಮಷಿನ್‌ನಲ್ಲಿ ರೀಸೆಟ್ ಆಯ್ಕೆ ಇಲ್ಲ. ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್‌ನಿಂದ ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಅದರ ಎಲ್ಲ ಡ್ರೈವ್‌ಗಳನ್ನೂ ಪೂರ್ತಿ ಫಾರ್ಮ್ಯಾಟ್ ಮಾಡಬಹುದು. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿಯಲ್ಲಿ ಹಾಗೆ ಬರೆಯುತ್ತಿರಲಿಲ್ಲ, ಆದ್ದರಿಂದ ಎಕ್ಸ್‌ಪಿ ಮಷಿನ್‌ನಲ್ಲೇ ಮಾಡಿದ ಫಾರ್ಮ್ಯಾಟ್ ಲೆಕ್ಕಕ್ಕಿಲ್ಲ.

ಮಾರುತ್ತಿಲ್ಲ, ದಿನದ ಫೈಲ್ ಮಾತ್ರ ಅಳಿಸಬೇಕು ಅಂದರೆ

ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ಗೆ ವಿಂಡೋಸ್‌ನಲ್ಲೇ ಸೈಫರ್ ಎಂಬ ಆದೇಶವಿದೆ. ಫೈಲ್‌ಗಳನ್ನು ಡಿಲೀಟ್ ಮಾಡಿ, ಬಿನ್ ಖಾಲಿ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಇಂಗ್ಲಿಷ್‌ನಲ್ಲಿ ಸಿ-ಐ-ಪಿ-ಎಚ್-ಇ-ಆರ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಫಾರ್ವರ್ಡ್ ಸ್ಲ್ಯಾಷ್, ಡಬ್ಲ್ಯೂ, ಕೋಲನ್, ಡ್ರೈವ್‌ನ ಅಕ್ಷರ, ಮತ್ತೊಂದು ಕೋಲನ್ ಹಾಕಿ ಎಂಟರ್ ಒತ್ತಬೇಕು. ಇರುವ ಫೈಲ್‌ಗಳನ್ನು ಇದು ಮುಟ್ಟುವುದಿಲ್ಲ. ಖಾಲಿ ಜಾಗದ ಮೇಲೆ ಮಾತ್ರ ಮೂರು ಸಲ ಬರೆಯುತ್ತದೆ. ಅಂಗಡಿ ಮುಚ್ಚುವಾಗ ವಾರಕ್ಕೊಮ್ಮೆ ಹಚ್ಚಿಟ್ಟು ಹೋದರೆ ಆಯಿತು.

ಎಸ್‌ಎಸ್‌ಡಿಗೆ ಇದು ಹೇಳಿಸಿದ್ದಲ್ಲ. ಅಂಥ ಕಂಪ್ಯೂಟರ್‌ನಲ್ಲಿ ಕೊಂಡ ದಿನದಿಂದಲೇ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇಡುವುದು ಒಳ್ಳೆಯದು. ಆಗ ಡಿಸ್ಕ್‌ನಲ್ಲಿರುವುದೆಲ್ಲ ಗೂಢಲಿಪಿಯಲ್ಲೇ ಇರುತ್ತದೆ, ಕೀಲಿ ಇಲ್ಲದವರಿಗೆ ಅದು ಓದಲು ಬರುವುದಿಲ್ಲ. ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು. ಕೀ ಕಳೆದರೆ ಮಾಲೀಕರಿಗೂ ಬಾಗಿಲು ಮುಚ್ಚಿದಂತೆಯೇ.

ಪೆನ್‌ಡ್ರೈವ್, ಫೋನ್, ಜೆರಾಕ್ಸ್ ಮಷಿನ್

ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್: ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಬೇಕು. ಬಹಳ ಗುಟ್ಟಿನ ದಾಖಲೆ ಇದ್ದರೆ ಯಾರಿಗೂ ಕೊಡದೆ ಒಡೆದುಹಾಕುವುದೇ ಸರಿ.

ಫೋನ್: ಈಗಿನ ಆಂಡ್ರಾಯ್ಡ್ ಫೋನ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲೇ ಇಡುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಅದರ ಕೀಲಿ ನಾಶವಾಗುವುದರಿಂದ ಹಳೇದು ಓದಲು ಬರುವುದಿಲ್ಲ. ರೀಸೆಟ್‌ಗೆ ಮೊದಲು ಗೂಗಲ್ ಖಾತೆ ತೆಗೆಯಬೇಕು, ಇಲ್ಲದಿದ್ದರೆ ಕೊಂಡವರಿಗೆ ಫೋನ್ ಲಾಕ್ ಆಗುತ್ತದೆ. ಸಿಮ್ ಮತ್ತು ಮೆಮೊರಿ ಕಾರ್ಡ್ ಕೈಯಾರೆ ತೆಗೆದಿಟ್ಟುಕೊಳ್ಳಬೇಕು.

ಜೆರಾಕ್ಸ್ ಮಷಿನ್: ಇದು ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡ ಡಿಜಿಟಲ್ ಕಾಪಿಯರ್‌ಗಳಲ್ಲಿ ಹಲವಕ್ಕೆ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ, ಕಾಪಿ ಮಾಡಿದ ಕಾಗದದ ಚಿತ್ರ ಅದರಲ್ಲಿ ಉಳಿಯಬಹುದು. ಅಮೆರಿಕದ ಸಿಬಿಎಸ್ ವಾಹಿನಿ 2010ರಲ್ಲಿ ಬಳಸಿದ ನಾಲ್ಕು ಕಾಪಿಯರ್ ಕೊಂಡು ನೋಡಿದಾಗ ಪೊಲೀಸ್ ದಾಖಲೆ, ರೋಗಿಗಳ ವಿವರ ಸಿಕ್ಕಿದ್ದವು. ಅದರಲ್ಲೊಂದನ್ನು ಬಳಸಿದ್ದ ಆರೋಗ್ಯ ವಿಮಾ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕಟ್ಟಬೇಕಾಯಿತು. ಬಾಡಿಗೆ ಮಷಿನ್ ವಾಪಸ್ ಕೊಡುವಾಗ ಡಿಸ್ಕ್ ಇದೆಯೇ ಎಂದು ಕೇಳಿ, ಇದ್ದರೆ ಅಳಿಸಿಕೊಡಲು ಹೇಳಬೇಕು.

ಕೆಟ್ಟುಹೋದ ಡಿಸ್ಕ್ ಏನು ಮಾಡುವುದು?

ಆನ್ ಆಗದ ಕಂಪ್ಯೂಟರ್‌ನ ಡಿಸ್ಕ್ ಹಾಳಾಗಿದೆ ಎಂದೇನೂ ಇಲ್ಲ. ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್ ಸುಟ್ಟಿರಬಹುದು, ಡಿಸ್ಕ್ ಚೆನ್ನಾಗಿಯೇ ಇರಬಹುದು. ಗುಜರಿಗೆ ಹಾಕುವ ಮುನ್ನ ಡಿಸ್ಕ್ ಬಿಚ್ಚಿಕೊಳ್ಳಬೇಕು. ಹಾರ್ಡ್ ಡಿಸ್ಕ್ ಆದರೆ ತಟ್ಟೆಗಳಿಗೆ ತೂತು ಬೀಳುವಂತೆ ಮೂರ್ನಾಲ್ಕು ಕಡೆ ಡ್ರಿಲ್ ಹೊಡೆಯಬೇಕು. ಎಸ್‌ಎಸ್‌ಡಿಯಲ್ಲಿ ಒಂದೊಂದು ಚಿಪ್ಪೂ ಪುಡಿಯಾಗಬೇಕು. ಕಣ್ಣಿಗೆ ಕನ್ನಡಕ ಇರಲಿ. ಬೆಂಕಿಗೆ ಹಾಕಬಾರದು, ಅದರ ಹೊಗೆ ವಿಷ. ಉಳಿದ ಭಾಗವನ್ನು ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡುವುದು ಸರಿಯಾದ ಕ್ರಮ.

ಅಳಿಸಬಾರದ್ದೂ ಇದೆ

ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕೇಸು, ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ ಇಡಬೇಕಾಗಬಹುದು. ನೋಟಿಸ್ ಬಂದ ಮೇಲೆ ಸಾಕ್ಷ್ಯ ಸಿಗದಂತೆ ಫೈಲ್ ಅಳಿಸುವುದು ಅಪರಾಧ.

ಗಿರಾಕಿಗಳ ದಾಖಲೆ ವಿಷಯದಲ್ಲಿ ಕಾನೂನು ಹೇಳುವುದು ಇದರ ವಿರುದ್ಧ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಕೆಲಸಕ್ಕೆ ಮಾಹಿತಿ ಪಡೆದರೋ ಆ ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅದನ್ನು ಅಳಿಸಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಜನ ಕೇಳುವ ಪ್ರಶ್ನೆಗಳು

ಏಳು ಸಲ, 35 ಸಲ ಅಳಿಸಬೇಕು ಅಂತಾರಲ್ಲ?
35 ಸಲದ ಲೆಕ್ಕ ಪೀಟರ್ ಗುಟ್‌ಮನ್ ಅವರ 1996ರ ಪ್ರಬಂಧದ್ದು, ಆ ಕಾಲದ ಬೇರೆ ಬೇರೆ ಡಿಸ್ಕ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಈಗಿನ ಹಾರ್ಡ್ ಡಿಸ್ಕ್‌ಗೆ ಪೂರ್ತಿ ಒಂದು ಸಲ ಬರೆದರೆ ಸಾಮಾನ್ಯವಾಗಿ ಸಾಕು ಎಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2014ರ ಮಾರ್ಗಸೂಚಿಯಲ್ಲಿ ಹೇಳಿದೆ.

ಕಂಪ್ಯೂಟರ್‌ನಿಂದ ಅಳಿಸಿದರೆ ಎಲ್ಲಾ ಕಡೆ ಹೋಯ್ತಾ?
ಇಲ್ಲ. ಗೂಗಲ್ ಡ್ರೈವ್, ಜಿಮೇಲ್‌ನ ಸೆಂಟ್ ಫೋಲ್ಡರ್, ವಾಟ್ಸಾಪ್ ಚಾಟ್, ಬ್ಯಾಕಪ್ ಪೆನ್‌ಡ್ರೈವ್‌ಗಳಲ್ಲಿರುವ ಪ್ರತಿಗಳನ್ನು ಬೇರೆಯಾಗಿಯೇ ಅಳಿಸಬೇಕು.

ಬೇಕಾದ ಫೈಲ್ ತಪ್ಪಿ ಡಿಲೀಟ್ ಆದರೆ?
ಆ ಕ್ಷಣದಿಂದ ಆ ಡ್ರೈವ್‌ಗೆ ಏನನ್ನೂ ಹಾಕಬಾರದು. ಹೊಸದಾಗಿ ಬರೆದಷ್ಟೂ ಹಳೇದು ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ.

ಪ್ರಿಂಟ್ ಹಾಕಿಸಲು ಹೋಗುವ ಗಿರಾಕಿ ಏನು ಮಾಡಬಹುದು?
ಸಾಧ್ಯವಿರುವ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ಪ್ರಿಂಟ್ ಕೈಗೆ ಬಂದ ಮೇಲೆ "ಅಣ್ಣಾ, ಆ ಫೈಲ್ ತೆಗೆದುಬಿಡಿ" ಎಂದು ಹೇಳಿ, ಬಿನ್ ಕೂಡ ಖಾಲಿ ಮಾಡಿಸಿಕೊಂಡೇ ಹೊರಡಬೇಕು. ಅಂಗಡಿಯವರು ಕೇಳುವ ಮೊದಲೇ ಅಳಿಸಿ ತೋರಿಸಿದರೆ ಗಿರಾಕಿಗೂ ನೆಮ್ಮದಿ.