ಪಾನಗೋಷ್ಠಿಯ ಚರಿತ್ರೆ: ಕಲಬುರಗಿಯಿಂದ ಕಲ್ಯಾಣದವರೆಗೆ

ರಜೆಯ ದಿನ ನಾಲ್ಕಾರು ಗೆಳೆಯರು ಕೂಡಿ ಊರ ಹೊರಗೆ ಹೋಗುವುದು, ತೋಟದ ನೆರಳಿನಲ್ಲಿ ಕುಳಿತು ಉಂಡು ಕುಡಿದು ಹರಟುವುದು ಇಂದಿನ ಹೊಸ ಶೋಕಿಯೆಂದು ನೀವು ತಿಳಿದಿರಬಹುದು. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳಿಗೆ ಹೋಗಿ ವೈನ್ ರುಚಿ ನೋಡಿ ಬರುವವರನ್ನು ಕಂಡಾಗ ಹಾಗೆ ಅನಿಸುವುದು ಸಹಜ. ಆದರೆ ಕಲಬುರಗಿಯಿಂದ ಕಮಲಾಪುರದ ಮೇಲೆ ಹಾಯ್ದು ಹುಮನಾಬಾದಿನ ಕಡೆ ಹೋಗುವ ರಸ್ತೆಯನ್ನೇ ಹಿಡಿದು ಹೊರಟರೆ, ಈ ಗೋಷ್ಠಿಗೆ ಕನಿಷ್ಠ ಒಂಬತ್ತು ಶತಮಾನಗಳ ಚರಿತ್ರೆ ಇರುವುದು ಗೊತ್ತಾಗುತ್ತದೆ. ಆ ಚರಿತ್ರೆಯಲ್ಲಿ ಸಂತೋಷವೂ ಇದೆ, ರಕ್ತವೂ ಇದೆ.

ಮೊದಲು ದಾರಿಯ ಆ ತುದಿಯನ್ನು ನೋಡೋಣ. ಇಂದಿನ ಬಸವಕಲ್ಯಾಣವೇ ಚಾಲುಕ್ಯರ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1130ರ ಸುಮಾರಿಗೆ ಸಿದ್ಧವಾದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ನೂರು ಅಧ್ಯಾಯಗಳ ಈ ಗ್ರಂಥ ರಾಜನೀತಿಯಿಂದ ಅಡುಗೆಯವರೆಗೆ ಯಾವುದನ್ನೂ ಬಿಟ್ಟಿಲ್ಲ. ಇದರಲ್ಲಿ ಅರಸನ ಕ್ರೀಡೆಗಳಿಗೇ ಇಪ್ಪತ್ತು ಅಧ್ಯಾಯಗಳು ಮೀಸಲಾಗಿವೆ. ವನಕ್ರೀಡೆ, ಜಲಕ್ರೀಡೆ, ಬೆಳೆಯ ನಡುವೆ ನಡೆಯುವ ಸಸ್ಯಕ್ರೀಡೆ ಇವುಗಳ ಸಾಲಿನಲ್ಲಿ ಮದಿರಾಪಾನ ಕ್ರೀಡೆಯೂ ಒಂದು. ಅಂದರೆ ಆ ಕಾಲದ ಅರಮನೆಗೆ ಪಾನವೆಂಬುದು ಮರೆಯಲ್ಲಿ ಮಾಡುವ ಕೆಲಸವಾಗಿರಲಿಲ್ಲ. ಅದಕ್ಕೊಂದು ಕಾಲ, ಒಂದು ಸ್ಥಳ, ಒಂದು ಶಿಸ್ತು ಇತ್ತು.

ಅರಮನೆಯವರ ಮಾತು ಇದಾದರೆ, ಹೆಂಡವನ್ನು ಇಳಿಸಿ ಮಾರುವವರ ಮಾತೇನು? ನಮ್ಮ ಕಡೆ ದ್ರಾಕ್ಷಿಗಿಂತ ಈಚಲ ಮರವೇ ಹಳೆಯ ನಂಟು. ಸಂಜೆ ಮರ ಕೆತ್ತಿ ಮಣ್ಣಿನ ಗಡಿಗೆ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಸಿಹಿಯಾದ ನೀರಾ ಸಂಗ್ರಹವಾಗುತ್ತದೆ. ಬಿಸಿಲೇರಿದಂತೆ ಅದು ತಾನಾಗಿಯೇ ಹುಳಿತು ಸೇಂದಿಯಾಗುತ್ತದೆ. ಮರ ಹತ್ತುವುದು, ಇಳಿಸುವುದು, ಮಾರುವುದು ಇವೆಲ್ಲ ಈಡಿಗರ ಮನೆತನಗಳು ತಂದೆಯಿಂದ ಮಗನಿಗೆ ದಾಟಿಸಿದ ಕಸುಬು. ನಿಜಾಮರ ಕಾಲದಲ್ಲಿ ಅಬಕಾರಿ ಸರ್ಕಾರದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತೆಂಬುದನ್ನು ನೆನೆದರೆ ಈ ಕಸುಬಿನ ವಿಸ್ತಾರ ತಿಳಿದೀತು.

ಇಂಥ ಕಸುಬಿನ ಒಬ್ಬ ವ್ಯಕ್ತಿ ಹನ್ನೆರಡನೆಯ ಶತಮಾನದಲ್ಲಿ ಶರಣರ ಸಾಲಿನಲ್ಲಿ ನಿಂತ. ಅವನೇ ಹೆಂಡದ ಮಾರಯ್ಯ. ಅವನ ವಚನಗಳ ಅಂಕಿತ ಧರ್ಮೇಶ್ವರಲಿಂಗ. ಹೆಂಡ ಮಾರುವುದೇ ಅವನ ಕಾಯಕ. ಗಡಿಗೆ, ಸುರೆ, ಬಟ್ಟಲು ಎಂಬ ತನ್ನ ಅಂಗಡಿಯ ಮಾತುಗಳನ್ನೇ ಎತ್ತಿಕೊಂಡು ಅವನು ಹೇಳಿದ್ದು ಬೇರೆಯೇ ಅಮಲಿನ ಸಂಗತಿ. ಗಡಿಗೆಯ ಹೆಂಡ ತಲೆಗೇರುವುದನ್ನು ಎಲ್ಲರೂ ಬಲ್ಲರು. ಹೊನ್ನಿನ, ಮಣ್ಣಿನ ಅಮಲು ತಲೆಗೇರಿದ್ದನ್ನು ಏರಿದವನೇ ಅರಿಯ. ಹೆಂಡ ಮಾರುವವನೇ ಈ ಎಚ್ಚರ ಹೇಳಿದ್ದು ವಿಶೇಷ. ಎರಡು ಶತಮಾನಗಳ ಬಳಿಕ ಕಲಬುರಗಿಯಲ್ಲಿ ನಡೆದ ಸಂಗತಿಯನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಎರಡನೆಯ ಸುಲ್ತಾನ ಒಂದನೆಯ ಮಹಮ್ಮದ್ ಶಾಹ. ಬಿಜಾಪುರದ ಆಸ್ಥಾನದಲ್ಲಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಇತಿಹಾಸ ಬರೆದ ಫೆರಿಷ್ತಾ 1366ರ ಒಂದು ಪಾನಗೋಷ್ಠಿಯ ಕಥೆ ಹೇಳುತ್ತಾನೆ. ಗಾಯಕರು ಅಮೀರ್ ಖುಸ್ರೋವಿನ ಪದ್ಯಗಳನ್ನು ಹಾಡಿದರು. ಸುಲ್ತಾನ ಆನಂದದಿಂದ ತೂಗಿದ. ಮುನ್ನೂರು ಕಲಾವಿದರಿಗೆ ಇನಾಮು ಕೊಡಿಸಬೇಕೆಂದ. ಆದರೆ ಆ ಹಣ ತನ್ನ ಖಜಾನೆಯಿಂದಲ್ಲ, ವಿಜಯನಗರದ ರಾಯನ ಖಜಾನೆಯಿಂದ ಬರಬೇಕೆಂದು ಹುಂಡಿ ಬರೆಸಿದ!

ಮಂತ್ರಿ ಸೈಫುದ್ದೀನ್ ಘೋರಿ ಅನುಭವಿ. ಇದು ಮದ್ಯದ ಮಾತೆಂದು ತಿಳಿದು ಹುಂಡಿ ಬರೆದನೇ ಹೊರತು ಕಳಿಸಲಿಲ್ಲ. ಮರುದಿನ ಸುಲ್ತಾನ ಅದನ್ನೇ ಕೇಳಿದ. ಕಳಿಸಿಲ್ಲವೆಂದು ತಿಳಿದಾಗ, ತಾನು ಅಮಲಿನಲ್ಲಿ ಆಡಿದ ಮಾತಲ್ಲವೆಂದು ಹಟ ಹಿಡಿದ. ಹುಂಡಿ ವಿಜಯನಗರ ಮುಟ್ಟಿತು. ಬುಕ್ಕರಾಯ ಅದನ್ನು ತಂದವನನ್ನು ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸಿ ಹಿಂದಕ್ಕಟ್ಟಿದ. ಬಳಿಕ ಸೈನ್ಯ ಕಟ್ಟಿಕೊಂಡು ಬಂದು ಮುದಗಲ್ಲಿನ ಕೋಟೆ ಹಿಡಿದ. ಅಲ್ಲಿದ್ದವರಲ್ಲಿ ಬದುಕಿ ಬಂದವನು ಒಬ್ಬನೇ. ಸಂಗಾತಿಗಳು ಸತ್ತ ಮೇಲೂ ಬದುಕಿದ್ದಕ್ಕಾಗಿ ಸುಲ್ತಾನ ಅವನನ್ನೂ ಕೊಲ್ಲಿಸಿದನಂತೆ. ಮುಂದೆ ನಡೆದ ಯುದ್ಧದಲ್ಲಿ ಹೆಂಗಸರು ಮಕ್ಕಳೆನ್ನದೆ ಜನ ಹತರಾದರು.

ಫೆರಿಷ್ತಾ ಕೊಡುವ ಲಕ್ಷಗಳ ಲೆಕ್ಕವನ್ನು ಹಾಗೆಯೇ ನಂಬಬೇಕಾಗಿಲ್ಲ. ಅವನು ಎರಡು ಶತಮಾನಕ್ಕೂ ಹೆಚ್ಚು ಕಾಲದ ನಂತರ ಬರೆದವನು, ಒಂದು ಪಕ್ಷದ ಆಸ್ಥಾನದಲ್ಲಿದ್ದವನು. ರಾಯಚೂರು ದೋಆಬಿನ ಫಲವತ್ತಾದ ಭೂಮಿಗಾಗಿ ಎರಡೂ ರಾಜ್ಯಗಳು ಹೇಗಿದ್ದರೂ ಕಾದಾಡುತ್ತಿದ್ದವು. ಹುಂಡಿ ನೆಪ ಮಾತ್ರ. ಆದರೂ ಕಥೆಯ ಕೊನೆಯ ಭಾಗ ಗಮನಿಸತಕ್ಕದ್ದು. ಸಂಧಿಯ ವೇಳೆಗೆ ಆ ಗಾಯಕರ ಇನಾಮು ರಾಯನ ಕಡೆಯಿಂದಲೇ ಸಂದಾಯವಾಯಿತು. ನಿರಪರಾಧಿಗಳನ್ನು ಕೊಲ್ಲುವುದು ಯಾವ ಧರ್ಮವೆಂದು ರಾಯಭಾರಿಗಳು ಕೇಳಿದಾಗ, ಗೆದ್ದ ಮೇಲೆ ಇನ್ನು ಮುಂದೆ ಯಾರನ್ನೂ ಕೊಲ್ಲುವುದಿಲ್ಲವೆಂದು ಸುಲ್ತಾನ ಆಣೆ ಮಾಡಿದ. ದೌಲತಾಬಾದಿನ ಸಂತ ಜೈನುದ್ದೀನರ ಮಾತಿಗೆ ಮಣಿದು ರಾಜ್ಯದ ಸಾರಾಯಿ ಭಟ್ಟಿಗಳನ್ನು ಮುಚ್ಚಿಸಿದವನೂ ಇದೇ ಸುಲ್ತಾನನೆಂದು ಫೆರಿಷ್ತಾ ಬರೆಯುತ್ತಾನೆ. ಕಲಬುರಗಿ ಕೋಟೆಯಲ್ಲಿ ನೀವು ನೋಡುವ, ಅಂಗಳವೆಲ್ಲ ಮುಚ್ಚಿಕೊಂಡ ಜಾಮಿ ಮಸೀದಿ ಕಟ್ಟಿದ ವರ್ಷ 1367. ಅದರ ಕಂಬಗಳ ಸಾಲಿನಲ್ಲಿ ನಿಂತಾಗ, ಆ ಹುಂಡಿ ಹೊರಟು ಆಗ ಒಂದೇ ವರ್ಷವಾಗಿತ್ತೆಂಬುದನ್ನು ನೆನೆಯಿರಿ.

ಇಂದಿನ ಕಾಲಕ್ಕೆ ಬರೋಣ. ನಂದಿಯ ತಪ್ಪಲಿನಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಫ್ರಾನ್ಸಿನ ತಳಿಗಳ ದ್ರಾಕ್ಷಿ ನೆಟ್ಟಿತು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಾರಸಕ್ಕೆಂದೇ ಒಂದು ನೀತಿ ರೂಪಿಸಿತು. ದ್ರಾಕ್ಷಿ ಹಿಂಡಿ, ಕೆಂಪು ವೈನ್ ಆದರೆ ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಬದಲಿಸುತ್ತದೆ. ಈಚಲ ಗಡಿಗೆಯಲ್ಲಿ ನಡೆಯುವುದೂ ಇದೇ. ಇಲ್ಲಿ ಉಕ್ಕಿನ ತೊಟ್ಟಿ, ಹಿಡಿತದಲ್ಲಿಟ್ಟ ಉಷ್ಣತೆ, ಅಷ್ಟೇ ವ್ಯತ್ಯಾಸ. ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಒಂದು ಬಟ್ಟಲಿಗೆ ಪ್ರೋತ್ಸಾಹ, ಇನ್ನೊಂದಕ್ಕೆ ನಿಷೇಧ. ಸಾರಾಯಿಯಿಂದ ಕೂಲಿಯವರ ಮನೆಗಳು ಹಾಳಾದದ್ದು ಸುಳ್ಳಲ್ಲ; ದ್ರಾಕ್ಷಿ ಬೆಳೆಗಾರನಿಗೆ ಇನ್ನೊಂದು ಮಾರುಕಟ್ಟೆ ಬೇಕೆಂಬುದೂ ಸುಳ್ಳಲ್ಲ. ಆದರೆ ಯಾರ ಕುಡಿತ ಸಂಸ್ಕೃತಿ, ಯಾರ ಕುಡಿತ ಪಿಡುಗು ಎಂಬುದನ್ನು ನಿರ್ಧರಿಸುವವರು ಯಾರೆಂಬ ಪ್ರಶ್ನೆ ಉಳಿಯುತ್ತದೆ.

ಕಲಬುರಗಿ, ಬೀದರ್ ಸೀಮೆಯಲ್ಲಿ ಊರಿಗೆ ಊರೇ ಹೊರಗೆ ಹೋಗಿ ಉಣ್ಣುವ ದಿನವೊಂದಿದೆ. ಅದು ಎಳ್ಳಮಾವಾಸ್ಯೆ. ಅಂದು ಹೊಲವಿದ್ದವರು ಹೊಲವಿಲ್ಲದ ಗೆಳೆಯರನ್ನು ಕರೆಯುತ್ತಾರೆ. ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಕಡುಬು ಬಡಿಸುತ್ತಾರೆ. ಕುಡಿಯಲು ಜೋಳದ ಹುಳಿ ಅಂಬಲಿ. ಕಮಲಾಪುರದ ಕಡೆ ಹೋದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಲ್ಲಿಯ ಕೆಂಪು ಬಾಳೆಯ ರುಚಿಯನ್ನೂ ನೋಡಬಹುದು. ಈ ಗೋಷ್ಠಿಯಲ್ಲಿ ಖರ್ಚನ್ನು ಕರೆದವರೇ ಹೊರುತ್ತಾರೆ; ಹುಂಡಿಯನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದಿಲ್ಲ.